ಗಾಳಿಗೆ ಬಿಟ್ಟ ಸಂದು

ಫೆಬ್ರವರಿ 3, ಸೋಮವಾರ. ಸಂಜೆ

ದೂರದ ಊರುಗಳ ಪಿಯಾನೋ ಸುತ್ತು ಮುಗಿಸಿ ಮನೆಗೆ ಬಂದೆ. ಹೆಲ್ಮೆಟ್ ತೆಗೆದೆ, ಗ್ಲೌಸ್ ಒಣಗಲು ಹಾಕಿದೆ, ಉಪಕರಣದ ಪೆಟ್ಟಿಗೆ ಇಳಿಸಿದೆ. ಕಿವಿಯಲ್ಲಿ ಇನ್ನೂ ಗುಂಯ್. ಇವರು ಅಡುಗೆಮನೆಯಿಂದ ಏನೋ ಕೇಳಿದರು. ಸುಮ್ಮನೆ ಹೂಂ ಅಂದೆ. ಪಿಯಾನೋ ಕೆಲಸ ಹೇಗಾಯಿತು ಎಂದು ಕೇಳಿದ್ದರಂತೆ.

ಹೇಗಾಯಿತು? ಬರೆಯುವುದಕ್ಕೂ ನಾಚಿಕೆ. ಸಮುದ್ರದ ದಂಡೆಯ ದೊಡ್ಡ ಹಾಲ್. ಶನಿವಾರ ಶ್ರುತಿ ಮಾಡಿ ಮುಗಿಸಿ ಪೆಟ್ಟಿಗೆ ಮುಚ್ಚಿದ್ದೆ. ನುಡಿಸುವವರು ಬಂದು ಕೂತರು. ಬಿಳಿ ಕೂದಲಿನ ಹೆಂಗಸು, ಮಾತು ಕಮ್ಮಿ. ನಡುವಿನ ಒಂದು ಸ್ವರ ಒತ್ತಿದರು. ಮತ್ತೆ ಅದನ್ನೇ ಒತ್ತಿದರು. ಕತ್ತು ತಿರುಗಿಸಿ ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಒಂದು ಸ್ವರಕ್ಕೆ ಮೂರು ತಂತಿ. ಮೂರೂ ಒಂದೇ ಆಗಿ ಕೇಳಬೇಕು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಸ್ವರ ವಂಯ್... ವಂಯ್... ಎಂದು ಅಲೆಯುತ್ತದೆ. ಆ ಅಲೆಯನ್ನು ಹಿಡಿದು ನಿಲ್ಲಿಸುವುದೇ ನನ್ನ ಕಸುಬು. ಅವರಿಗೆ ಕೇಳಿಸಿದ್ದು ನನಗೆ ಕೇಳಿಸಿರಲಿಲ್ಲ. ನನಗೆ! ಅವರ ಎದುರಿಗೇ ಮತ್ತೆ ಪೆಟ್ಟಿಗೆ ಬಿಚ್ಚಿ ಸರಿಮಾಡಿದೆ. ಕಿವಿಯವರೆಗೂ ಮುಖ ಕೆಂಪಾಗಿದ್ದು ನನಗೇ ಗೊತ್ತಾಗುತ್ತಿತ್ತು.

ಗಾಡಿ ಇಳಿದು, ಕಿವಿಯ ಗುಂಯ್ ಆರುವ ಮೊದಲೇ ನೇರ ಹೋಗಿ ಕೂತಿದ್ದೆ, ಅದೇ ಕಾರಣ. ಮುಂದೆ ಗಾಜಿಲ್ಲದ ಬೋಳು ಬೈಕು ನನ್ನದು. ಮುಂದೆ ಒಂದು ದೀಪ, ಅದರ ಹಿಂದೆ ಮೀಟರ್, ಅದರ ಹಿಂದೆ ನಾನು. ಹೆದ್ದಾರಿಯ ಗಾಳಿಯೆಲ್ಲ ನನಗೇ.


ಫೆಬ್ರವರಿ 5, ಬುಧವಾರ

ಕಿವಿ ಡಾಕ್ಟರ್ ಹತ್ತಿರ ಹೋಗಿದ್ದೆ. ಗಾಜಿನ ಕೋಣೆಯಲ್ಲಿ ಕೂರಿಸಿ ಕೀಂ ಕೀಂ ಕೇಳಿಸಿದರು. ಸ್ವಲ್ಪ ಹೋಗಿದೆಯಂತೆ, ಹೋಗಿದ್ದು ಬರುವುದಿಲ್ಲವಂತೆ. ಉಳಿದಿರುವುದು ಮಾತ್ರ ಈ ವಯಸ್ಸಿಗೆ ಅಪರೂಪ ಅಂದರು. ಅಪರೂಪವೇ ಮತ್ತೆ. ಮೂವತ್ತು ವರ್ಷದಿಂದ ಸಾಕಿದ ಕಿವಿ.

ಕಿವಿಗೆ ಬಿರಡೆ ಇಟ್ಟುಕೊಳ್ಳಿ ಅಂದರು. ಇಟ್ಟುಕೊಂಡೇ ಓಡಿಸುವುದು ಡಾಕ್ಟ್ರೇ, ಸಿಳ್ಳೆ ನಿಲ್ಲುತ್ತದೆ, ಗುಮ್ಮೆನ್ನುವುದು ಮೂಳೆಯೊಳಗಿಂದ ಬರುತ್ತದೆ ಅಂದೆ. ಸೊಳ್ಳೆ ಹೊರಗೆ, ಆನೆ ಒಳಗೆ. ಹಾಗಾದರೆ ತಲೆಗೆ ಗಾಳಿಯೇ ಬಡಿಯದಂತೆ ಮಾಡಿಕೊಳ್ಳಿ, ಇಲ್ಲವೇ ಬಸ್ಸಿನಲ್ಲಿ ಓಡಾಡಿ ಎಂದರು.

ಬಸ್ಸಂತೆ. ಒಂದು ಸುತ್ತಿನಲ್ಲಿ ಗುಡ್ಡದ ಮೇಲಿನ ಶಾಲೆ, ಕೆಳಗಿನ ಹೋಟೆಲು, ಆಮೇಲೆ ಹಾಲ್. ಆ ಶಾಲೆಗೆ ದಿನಕ್ಕೊಂದು ಬಸ್ಸು, ಅದೂ ಡ್ರೈವರ್‌ಗೆ ಮನಸ್ಸು ಬಂದರೆ. ದೂರದ ಕೆಲಸ ಅಂದರೆ ಗಾಡಿ. ಗಾಡಿ ಹೋದರೆ ಕೆಲಸವೂ ಹೋಯಿತು.

ಊಟಕ್ಕೆ ಕೂತಾಗ ಹೇಳಿಬಿಟ್ಟೆ. ಮಾರ್ಚ್ ಒಂದಕ್ಕೆ ಅದೇ ಹಾಲ್, ಅದೇ ಹೆಂಗಸು.

"ಈ ಸಲ ನನ್ನ ಕಿವಿ ಕೈ ಕೊಟ್ರೆ ಗಾಡಿ ಮಾರಿಬಿಡ್ತೀನಿ ರೀ. ದೂರದ ಕೆಲಸ ಬಿಟ್ಟೆ ಅಂತಾನೇ ತಿಳ್ಕೊಳ್ಳಿ."

ಅತ್ತೆ ತುತ್ತು ಎತ್ತಿದ ಕೈ ಹಾಗೇ ನಿಲ್ಲಿಸಿದರು. ಇವರು ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು, ಅಷ್ಟೇ.


ಫೆಬ್ರವರಿ 9, ಭಾನುವಾರ

ಮೆಕ್ಯಾನಿಕ್ ಹತ್ತಿರ ಗಾಡಿಯ ಮುಂದೆ ಗಾಳಿ ತಡೆಯುವ ರೆಡಿಮೇಡ್ ಗಾಜೊಂದಿತ್ತು. ಅಂಗೈ ಅಗಲ. ನೇಕೆಡ್ ಬೈಕಿಗೆಲ್ಲ ಇದೇ ಅಕ್ಕ, ಎಲ್ಲರೂ ಹಾಕಿಸ್ತಾರೆ ಅಂದ. ನೇಕೆಡ್ ಅನ್ನುವ ಮಾತನ್ನು ನಮ್ಮ ಅತ್ತೆಯ ಮುಂದೆ ಆಡಬೇಡ ಮಾರಾಯ ಅಂದೆ. ನಗುತ್ತಲೇ ಹಾಕಿ ಕೊಟ್ಟ.

ಹೆದ್ದಾರಿಗೆ ಹೋದೆ. ಥೂ. ಮೊದಲು ಎದೆಗೆ ಬೀಳುತ್ತಿದ್ದ ಗಾಳಿಯನ್ನು ಎತ್ತಿ ನೇರ ಹಣೆಗೆ ಹೊಡೆಯುತ್ತದೆ. ಹೆಲ್ಮೆಟ್ ಗಡಗಡ. ಮೊದಲಾದರೂ ಗಾಳಿ ಗಾಳಿಯ ಹಾಗಿತ್ತು, ಇದು ಕೆನ್ನೆಗೆ ಹೊಡೆದ ಹಾಗೆ. ವಾಪಸ್ ಬಂದು ಬಿಚ್ಚಿಸಿದೆ. ಸ್ವಲ್ಪ ದಿನ ಅಭ್ಯಾಸ ಆಗುತ್ತದೆ ಅಕ್ಕ ಅಂದ. ಕೋಪ ನೆತ್ತಿಗೇರಿತು. ಕೆಟ್ಟ ಸದ್ದು ಅಭ್ಯಾಸವಾದರೆ ನಾನು ಮನೆಯಲ್ಲಿ ಕೂತಹಾಗೇ.

ನಾನೇ ಮಾಡುತ್ತೇನೆ.


ಫೆಬ್ರವರಿ 12, ಬುಧವಾರ

ಬೋರ್ಡ್ ಬರೆಯುವವನ ಅಂಗಡಿಯಿಂದ ಅಕ್ರಿಲಿಕ್ ಹಾಳೆ ತಂದೆ. ಕನ್ನಡಿಯಂತೆ ಹೊಳೆಯುತ್ತಿತ್ತು. ಎರಡನೇ ತೂತು ಕೊರೆಯುವಾಗ ಟಪ್ ಎಂದು ತುದಿಯಿಂದ ತುದಿಗೆ ಸೀಳಿತು. ಅತ್ತೆ ಒಳಗಿನಿಂದ, ಏನು ಒಡೀತೇ, ಅಂದರು. ನನ್ನ ತಲೆ ಅಂದೆ. ಅದು ಒಡೆಯುವ ಜಾತಿ ಅಲ್ಲ ಬಿಡು ಎಂಬ ಉತ್ತರ ಬಂತು.

ಅಂಗಡಿಗೆ ಮತ್ತೆ ಹೋದೆ. ಅವನು ಈ ಸಲ ಪಾಲಿಕಾರ್ಬೊನೇಟ್ ಕೊಟ್ಟ. ಬಗ್ಗಿಸಿದರೆ ಬಗ್ಗುತ್ತದೆ, ಸುತ್ತಿಗೆಯಲ್ಲಿ ಹೊಡೆದರೂ ಒಡೆಯುವುದಿಲ್ಲ. ಕಲ್ಲು ಸಿಡಿದರೆ ಮುಖಕ್ಕೆ ಚೂರು ಬರುವುದಿಲ್ಲ ಎಂದ. ಮೊದಲೇ ಹೇಳಬಾರದಿತ್ತೇ? ಯಾತಕ್ಕೆ ಅಂತ ನೀವು ಹೇಳಲಿಲ್ಲವಲ್ಲ ಅಂದ. ಅದೂ ಸರಿಯೇ.

ಸಂಜೆ ಇವರು ಕನ್ನಡಕದ ಅಂಗಡಿ ಮುಚ್ಚಿ ಬಂದರು. ನನ್ನನ್ನು ಹೆಲ್ಮೆಟ್ ಸಮೇತ ಗಾಡಿಯ ಮೇಲೆ ಕೂರಿಸಿದರು. ಕಣ್ಣಿನಿಂದ ರಸ್ತೆಗೆ ದಾರ ಎಳೆದು, ದೀಪದ ಮೇಲೆ ದಾರ ಹಾದ ಜಾಗಕ್ಕೆ ಗುರುತು ಹಾಕಿದರು. ಗಾಜಿನ ತುದಿ ಇದಕ್ಕಿಂತ ಎರಡು ಬೆರಳು ಕೆಳಗೇ ಇರಬೇಕು, ಅದರ ಮೂಲಕ ನೋಡಬಾರದು, ಅದರ ಮೇಲಿಂದ ನೋಡಬೇಕು ಅಂದರು. ಬಗ್ಗಿದ ಗಾಜಿನಲ್ಲಿ ರಸ್ತೆಯೂ ಬಗ್ಗುತ್ತದಂತೆ. ಗಿರಾಕಿಗಳಿಗೆ ಹೇಳುವ ಅದೇ ಗಂಭೀರ ಮುಖ. ಇಷ್ಟು ವರ್ಷದ ಸಂಸಾರದಲ್ಲಿ ಇವರು ನನ್ನ ಕಣ್ಣಿನ ಎತ್ತರ ಅಳೆದದ್ದು ಇದೇ ಮೊದಲು. ಇಷ್ಟವಾಯಿತು.

"ಗಾಡಿಗೂ ಕನ್ನಡಕ ಹಾಕ್ಸಿದ್ಯೇನೋ," ಅಂದರು ಅತ್ತೆ, ಮಗನಿಗೆ. "ನಿನ್ನ ವ್ಯಾಪಾರ ಅಷ್ಟು ಬಿದ್ದುಹೋಯ್ತಾ?"


ಫೆಬ್ರವರಿ 16, ಭಾನುವಾರ

ಆಯಿತು! ಹಳೆ ಪೇಪರಿನಲ್ಲಿ ಮೊದಲು ಆಕಾರ ಕತ್ತರಿಸಿ, ದೀಪಕ್ಕೆ ಅಂಟಿಸಿ, ನಾಲ್ಕು ಸಲ ತಿದ್ದಿ, ಆಮೇಲೆ ಗಾಜು ಕೊಯ್ದೆ. ಅಂಚನ್ನು ಮರಳು ಕಾಗದದಲ್ಲಿ ತಿಕ್ಕಿ ತಿಕ್ಕಿ ಬೆರಳ ತುದಿ ಸವೆಯಿತು. ಹ್ಯಾಂಡಲ್‌ಗೆ ಕ್ಲಾಂಪು, ಕ್ಲಾಂಪಿಗೆ ಪಟ್ಟಿ, ಪಟ್ಟಿಗೆ ರಬ್ಬರ್ ಬಿಲ್ಲೆ. ಒಂದು ಸ್ಕ್ರೂ ಅಲ್ಲಾಡಲಿ ನೋಡೋಣ.

ಕೆಳಗೆ ದೀಪಕ್ಕೂ ಗಾಜಿಗೂ ನಡುವೆ ಸಂದು ಉಳಿದಿತ್ತು. ಅದನ್ನು ಫೋಮ್ ತುಂಬಿ, ಮೇಲೆ ತೊಗಲು ಹೊದಿಸಿ ಬಿಗಿಯಾಗಿ ಮುಚ್ಚಿದೆ. ಅಪ್ಪ ಹಾರ್ಮೋನಿಯಂ ರಿಪೇರಿಯವರು. ಗಾಳಿ ಊದುವ ತಿದಿಯಲ್ಲಿ ಸೂಜಿ ತೂರುವ ತೂತಿದ್ದರೂ ಸಾಕು, ಬೈಗುಳ ಶುರು. ಗಾಳಿ ಸೋರಬಾರದು ಅನ್ನುವುದು ನನ್ನ ಕೈಗೆ ಹುಟ್ಟಿನಿಂದ ಬಂದ ಪಾಠ. ಇಂಥ ಮುಚ್ಚುವಿಕೆ ಕಂಪನಿಯವರಿಗೂ ಬರುವುದಿಲ್ಲ.

ಎಷ್ಟು ಚೆನ್ನಾಗಿ ಕಾಣುತ್ತದೆ ಎಂದರೆ... ತಂಗಿಗೆ ಫೋಟೋ ಕಳಿಸಿದೆ. ಅವಳು ಉತ್ತರ ಕೊಡುವ ಮೊದಲೇ ಇನ್ನೊಂದು ಕಳಿಸಿದೆ. ಕತ್ತಲಾಗುವ ಮುಂಚೆ ಸುಮ್ಮನೆ ಎರಡು ಸಲ ಹೊರಗೆ ಹೋಗಿ ನೋಡಿ ಬಂದೆ. ಜಂಬವೇ. ಯಾಕೆ ಬಾರದು?


ಫೆಬ್ರವರಿ 17, ಸೋಮವಾರ

ಹೆದ್ದಾರಿಗೆ ಒಯ್ದೆ. ಎದೆಗೆ ಒಂದು ಉಸಿರು ಗಾಳಿ ಇಲ್ಲ. ಕೈ ಬೆಚ್ಚಗೆ. ಮನೆಯೊಳಗೆ ಕೂತ ಹಾಗೆ. ಆದರೆ ತಲೆ — ಖಾಲಿ ಡ್ರಮ್ಮಿನಲ್ಲಿ ತಲೆ ತೂರಿಸಿ ಯಾರೋ ಹೊರಗಿಂದ ಗುದ್ದಿದ ಹಾಗೆ. ಗುಂ ಗುಂ ಗುಂ ಗುಂ. ವೇಗ ಹೆಚ್ಚಿಸಿದರೆ ಗುದ್ದೂ ಬೇಗ. ಕಣ್ಣು ಕೂಡ ಅಲ್ಲಾಡುತ್ತಿತ್ತು.

ಮನೆಗೆ ಬಂದು ಗಾಡಿಗೆ ಹೊದಿಕೆ ಹಾಕಿಬಿಟ್ಟೆ.


ಫೆಬ್ರವರಿ 22, ಶನಿವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯುವುದಕ್ಕೆ ಏನಿತ್ತು? ಪಕ್ಕದ ಬೀದಿಯಲ್ಲಿ ಎರಡು ಪಿಯಾನೋ ಮಾಡಿದೆ, ನಡೆದುಕೊಂಡು ಹೋಗಿ. ಮುಖ ಊದಿಸಿಕೊಂಡೇ ಇದ್ದೆನಂತೆ, ಅತ್ತೆಯ ವರದಿ.

ಇವತ್ತು ಬೆಳಿಗ್ಗೆ ತಂತಿಗಳ ನಡುವೆ ತುರುಕುವ ಕೆಂಪು ಫೆಲ್ಟ್ ಪಟ್ಟಿ ಕತ್ತರಿಸುತ್ತಿದ್ದೆ. ಒಂದು ಚೂರು ಫ್ಯಾನಿನ ಗಾಳಿಗೆ ಎದ್ದು ಕುಣಿಯಿತು. ತಕ್ಷಣ ಹೊಳೆಯಿತು. ಗಾಳಿ ಕಾಣುವುದಿಲ್ಲ, ಫೆಲ್ಟ್ ಕಾಣುತ್ತದಲ್ಲ! ಬೆರಳುದ್ದದ ಎಳೆಗಳನ್ನು ಗಾಜಿನ ಹೊರಗೆ, ಒಳಗೆ, ಟ್ಯಾಂಕಿನ ಮೇಲೆ ಟೇಪಿನಿಂದ ಅಂಟಿಸಿದೆ. ಮೆಕ್ಯಾನಿಕ್ ತನ್ನ ವ್ಯಾನ್ ತಂದ. ಇವರು ಅದರ ಕಿಟಕಿಯಲ್ಲಿ ಅರ್ಧ ದೇಹ ಹೊರಗೆ ಹಾಕಿ ಕೂತರು. ನಾನು ಪಕ್ಕದಲ್ಲಿ ಓಡಿಸಿದೆ. ಖಾಲಿ ಬೈಪಾಸು, ಆದರೂ ಹೋಗುವವರೆಲ್ಲ ನಕ್ಕು ಹೋದರು. ಕೆಂಪು ಗಡ್ಡ ಬಿಟ್ಟ ಗಾಡಿ.

ನಿಲ್ಲಿಸಿದ ಮೇಲೆ ಇವರು ಹೇಳಿದರು. ಹೊರಗಿನ ಎಳೆಗಳು ಬಾಚಿದ ಕೂದಲಿನಂತೆ ನೆಟ್ಟಗೆ ಹಿಂದಕ್ಕೆ. ಒಳಗಿನವು ಉಲ್ಟಾ.

"ನಿನ್ನ ಕಡೆಯಿಂದ ಗಾಜಿನ ಕಡೆಗೆ ಎಳೀತಾ ಇದೆ ಕಣೇ. ಗಾಜಿನ ಹಿಂದೆ ಗಾಳಿನೇ ಇಲ್ಲ. ಅದಕ್ಕೇ ಮೇಲಿಂದ ಹೋಗೋ ಗಾಳಿ ಒಳಗೆ ಬಿದ್ದು ಒದ್ದಾಡ್ತಾ ಇದೆ."

ನಂಬಲಿಲ್ಲ. ಅಷ್ಟು ಚೆಂದ ಮುಚ್ಚಿದ್ದೇನೆ, ತಪ್ಪು ಅಲ್ಲಿರಲು ಸಾಧ್ಯವೇ ಇಲ್ಲ ಎಂದು ಜಗಳವನ್ನೇ ಆಡಿದೆ.

ವಾಪಸ್ ಬರುವಾಗ ರಸ್ತೆಯ ಉಬ್ಬೊಂದನ್ನು ಹಾರಿದೆ. ತೊಗಲಿನ ಒಂದು ಮೂಲೆ ಕಿತ್ತಿತು. ಪಟಪಟ ಬಡಿದು, ಫೋಮನ್ನೂ ಎಳೆದುಕೊಂಡು ಹಾರಿಹೋಯಿತು. ಮತ್ತು... ಗುಂ ಗುಂ ನಿಧಾನವಾಯಿತು. ಇನ್ನೂ ನಿಧಾನ. ಗುಂ...... ಗುಂ......... ಅಲೆ ಉದ್ದವಾಗುತ್ತಾ ಉದ್ದವಾಗುತ್ತಾ ಕರಗಿತು. ಎರಡು ತಂತಿ ಸೇರುವಾಗ ಆಗುವುದು ಹೀಗೇ. ಅದನ್ನು ನನ್ನಷ್ಟು ಕೇಳಿದವರು ಯಾರಿದ್ದಾರೆ!

ಪಕ್ಕಕ್ಕೆ ನಿಲ್ಲಿಸಿದೆ. ಬಿದ್ದೆನೆಂದುಕೊಂಡು ಇಬ್ಬರೂ ವ್ಯಾನಿನಿಂದ ಓಡಿ ಬಂದರು. ನಾನು ಮಂಡಿಯೂರಿ ಉಳಿದ ಫೋಮನ್ನು ಕಿತ್ತು ಕಿತ್ತು ಎಸೆಯುತ್ತಿದ್ದೆ. ಕೆಳಗಿಂದ ಸ್ವಲ್ಪ ಗಾಳಿ ಒಳಗೆ ಬರಬೇಕು, ಬಂದರೆ ಗಾಜಿನ ಹಿಂದಿನ ಜಾಗ ತುಂಬಿಕೊಳ್ಳುತ್ತದೆ, ಮೇಲಿನ ಗಾಳಿ ತನ್ನ ಪಾಡಿಗೆ ಮೇಲೇ ಹೋಗುತ್ತದೆ. ತಿದಿಯ ಬುದ್ಧಿಯನ್ನು ಇಲ್ಲಿಗೆ ತಂದು ಕೆಡಿಸಿದ್ದೆ.

ನಾನು ಹೇಳಿದ್ದೂ ಅದೇ ತಾನೇ ಎಂದು ಇವರು ಅನ್ನಲಿಲ್ಲ. ಅನ್ನಬಹುದಿತ್ತು. ಮುಖದಲ್ಲಿ ಮಾತ್ರ ದಪ್ಪ ಅಕ್ಷರದಲ್ಲಿ ಬರೆದಿತ್ತು. ನೀವು ಹೇಳಿದ್ದೇ ಸರಿ ರೀ ಅಂದುಬಿಟ್ಟೆ. ಮೆಕ್ಯಾನಿಕ್ ಸಾಕ್ಷಿ.


ಫೆಬ್ರವರಿ 23, ಭಾನುವಾರ

ಇಡೀ ದಿನ ಬೈಪಾಸಿನಲ್ಲಿ. ಕೆಳಗಿನ ಅಂಚು ಕೊಯ್ದು ಸಂದು ಅಗಲ ಮಾಡಿದೆ. ಗಾಜಿನ ಹಿಂದೆ ಒಂದೊಂದೇ ರಬ್ಬರ್ ಬಿಲ್ಲೆ ಸೇರಿಸುವುದು, ಓಡಿಸುವುದು, ಕೇಳುವುದು. ಸಂದು ಜಾಸ್ತಿಯಾದರೆ ಹೊಟ್ಟೆಗೆ ಗಾಳಿ. ಕಮ್ಮಿಯಾದರೆ ಮತ್ತೆ ಗುಂ. ಕಡೆಗೆ ಬೋಲ್ಟನ್ನು ಕಾಲು ಸುತ್ತು ಸಡಿಲಿಸಿದಾಗ — ಆಹಾ. ಹೆಲ್ಮೆಟ್ಟಿನ ನೆತ್ತಿಯ ಮೇಲೆ ತೆಳ್ಳಗೆ ಸರ್ ಎನ್ನುವುದು ಬಿಟ್ಟರೆ ಏನೂ ಇಲ್ಲ. ಇಂಜಿನ್ ತನ್ನದೇ ಸ್ವರದಲ್ಲಿ ಕೇಳುತ್ತಿದೆ. ಇಷ್ಟು ವರ್ಷ ಅದರ ಮೇಲೆ ಕೂತು ಅದನ್ನೇ ಕೇಳಿರಲಿಲ್ಲ.

ಮೆಕ್ಯಾನಿಕ್‌ಗೆ ಓಡಿಸಲು ಕೊಟ್ಟೆ. ನನಗಿಂತ ಒಂದು ಗೇಣು ಎತ್ತರ. ನನಗೆ ಹೆಲ್ಮೆಟ್ ಗಡಗಡ ಅನ್ನುತ್ತೆ ಅಕ್ಕ ಎಂದು ಮುಖ ಸಪ್ಪೆ ಮಾಡಿಕೊಂಡು ಬಂದ. ಇದು ನನ್ನ ಕಣ್ಣಿಗೆ ಅಳೆದದ್ದು, ನನ್ನ ಕಿವಿಗೆ ಕೂಡಿಸಿದ್ದು ಅಂದೆ. ಅವನ ಗಿರಾಕಿಯೊಬ್ಬನಿಗೂ ಮಾಡಿಕೊಡಬೇಕಂತೆ. ಅವನೇ ಬಂದು ಗಾಡಿಯ ಮೇಲೆ ಕೂರಲಿ, ನೋಡೋಣ ಎಂದೆ. ಮಾತಿನಲ್ಲಿ ಸ್ವಲ್ಪ ಕೊಂಬು ಬಂದಿತ್ತು ಎಂದು ಇವರು ಆಮೇಲೆ ಹೇಳಿದರು. ಬರಲಿ ಬಿಡಿ.


ಫೆಬ್ರವರಿ 28, ಶುಕ್ರವಾರ. ಗುಡ್ಡದ ಶಾಲೆ, ಅತಿಥಿ ಕೋಣೆ

ಶಾಲೆಯ ಪಿಯಾನೋ ಮುಗಿಸಿದೆ. ಇಲ್ಲಿಯವರೆಗೆ ಕಿವಿ ಚೆನ್ನಾಗಿದೆ. ಆದರೆ ಇಲ್ಲಿನ ದಾರಿ ಬರೀ ತಿರುವು, ವೇಗವೇ ಇಲ್ಲ. ನಾಳೆ ಬೆಳಿಗ್ಗೆ ಹೆದ್ದಾರಿ, ಇಳಿದ ಕೂಡಲೇ ಹಾಲ್. ಅದೇ ಪರೀಕ್ಷೆ.

ಭಯ ಇದೆ. ಗಾಡಿ ಮಾರುವ ಮಾತನ್ನು ಯಾಕಾದರೂ ಆಡಿದೆನೋ. ಆಡಿದ ಮೇಲೆ ಆಯಿತು. ಇವರು ಫೋನ್ ಮಾಡಿದ್ದರು. ಬೋಲ್ಟ್ ಬಿಗಿ ಇದೆಯಾ ನೋಡಿದೆಯಾ ಎಂದರು. ನೋಡಿದೆ ಅಂದೆ. ಇನ್ನೊಂದು ಸಲ ನೋಡಿಬಿಡು ಅಂದರು.


ಮಾರ್ಚ್ 1, ಶನಿವಾರ. ಮಧ್ಯಾಹ್ನ

ಬಂದೆ. ನೀರು ಕೂಡ ಕುಡಿಯದೆ ನೇರ ಪಿಯಾನೋ ಮುಂದೆ ಕೂತೆ. ಬೇಕೆಂದೇ. ಮೊದಲ ಸ್ವರ ಒತ್ತಿ ಕಣ್ಣು ಮುಚ್ಚಿದೆ. ಅಲೆ ಸ್ಪಷ್ಟ. ಅದರ ಹಿಂದಿನ ಸಣ್ಣ ಅಲೆಯೂ ಸ್ಪಷ್ಟ. ಗುಂಯ್ ಇಲ್ಲ. ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡು ಕೆಲಸ ಶುರು ಮಾಡಿದೆ.

ಬಿಳಿ ಕೂದಲಿನವರು ಬಂದರು. ಕೆಳಗಿನಿಂದ ಮೇಲಿನವರೆಗೆ ಒಂದೊಂದೇ ಸ್ವರ ಒತ್ತುತ್ತಾ ಹೋದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಎಲ್ಲೂ ನಿಲ್ಲಲಿಲ್ಲ. ಕೊನೆಯ ಸ್ವರ ಆರುವವರೆಗೆ ಕಾದು, ನನ್ನ ಕಡೆ ತಿರುಗಿದರು.

"ಹೋದ ಸಲ ಕೈಯಲ್ಲಿ ಹೆಲ್ಮೆಟ್ ನೋಡಿದ್ದೆ. ಈ ಸಲ ಬಸ್ಸಲ್ಲಿ ಬಂದ್ರಾ?"

"ಇಲ್ಲ. ಗಾಡೀಲೇ."

ಅಷ್ಟು ನೆಟ್ಟಗೆ ನಿಂತು ನಾನು ಯಾವ ಮಾತನ್ನೂ ಹೇಳಿದ್ದಿಲ್ಲ. ತೋರಿಸಿ ಎಂದರು. ಹೊರಗೆ ಕರೆದುಕೊಂಡು ಹೋದೆ. ಸುತ್ತ ಒಂದು ಸಲ ಬಂದರು. ಗಾಜನ್ನು ಉಗುರಿನಿಂದ ತಟ್ಟಿ, ಕಿವಿ ಕೊಟ್ಟು, ಇದರ ಶ್ರುತಿ ಸ್ವಲ್ಪ ಇಳಿದಿದೆ ಅಲ್ವಾ ಎಂದರು. ಮುಖದಲ್ಲಿ ನಗುವಿನ ಸುಳಿವೂ ಇಲ್ಲ. ತಮಾಷೆ ಅಂತ ಹೊಳೆದ ಮೇಲೆ ಇಬ್ಬರೂ ನಕ್ಕೆವು. ಮಳೆಗಾಲದ ಕಾರ್ಯಕ್ರಮಗಳಿಗೂ ನೀವೇ ಬರಬೇಕು ಎಂದು ಹಾಲ್‌ನವರಿಗೆ ಹೇಳುತ್ತೇನೆ ಅಂದರು.

ಇವರಿಗೆ ಫೋನ್ ಮಾಡಿ ಹೇಳಿದೆ. ಅತ್ತೆ ಪಕ್ಕದಿಂದ, ಗಾಡಿ ಮಾರೋದಿಲ್ವಂತಾ, ಎಂದು ಕೇಳುವುದು ಕೇಳಿಸಿತು. ಅಷ್ಟು ದೂರದಿಂದ!


ಅದೇ ದಿನ. ಸಂಜೆ

ವೇದಿಕೆಯ ಪಕ್ಕದಲ್ಲಿ ಕುರ್ಚಿ ಕೊಟ್ಟಿದ್ದಾರೆ. ಪರದೆಯ ಹಿಂದೆ. ತೊಡೆಯ ಮೇಲೆ ಈ ಪುಸ್ತಕ. ಹಾಲ್ ತುಂಬಿದೆ. ಶುರುವಾಯಿತು.

ಮೊದಲ ಭಾಗ ಜೋರು. ತಂತಿಗಳು ಅಲ್ಲಾಡಿಲ್ಲ. ನನ್ನ ಪಿಯಾನೋ. ಹೌದು, ಇವತ್ತಿಗೆ ನನ್ನದೇ.

ಈಗ ನಿಧಾನದ ಭಾಗ. ಅವರು ಒಂದು ಕೈಯಲ್ಲೇ ನುಡಿಸುತ್ತಿದ್ದಾರೆ. ಯಾರೂ ಕೆಮ್ಮುತ್ತಿಲ್ಲ. ಪೆಡಲನ್ನು ಕಾಲಿನಿಂದ ಒತ್ತಿ ಹಿಡಿದದ್ದು ಕೇಳಿಸಿತು. ಸ್ವರ ಆರುತ್ತಿದೆ, ಆರುತ್ತಾ ಆರುತ್ತಾ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೂ ನನಗೆ ಕೇಳುತ್ತಿದೆ.

ನಡುವೆ ಏನೋ ಕರಕರ. ಎಲ್ಲಿಂದ ಅದು... ಓ. ನನ್ನ ಪೆನ್ನು. ಕಾಗದದ ಮೇಲೆ. ಸಾಕು, ಇನ್ನು