ದೊರೆಸಾನಿಯ ಬಾಯಲ್ಲಿ ಭಾಮಕ್ಕ

ರಾಜವೀದಿ, ಕೊಯಮತ್ತೂರು
14-7-1956, ಶನಿವಾರ

ಪ್ರೀತಿಯ ವ್ಯಾಸಣ್ಣನಿಗೆ ತಂಗಿ ವನಮಾಲಾಳ ನಮಸ್ಕಾರಗಳು.

ನಿನ್ನ ಕೆಮ್ಮು ಬಿಟ್ಟಿತೇ? ಅಮೆರಿಕದ ಚಳಿಗೆ ಆ ಒಂದು ಉಣ್ಣೆ ಕೋಟು ಸಾಲದೆಂದು ಅಮ್ಮ ದಿನಕ್ಕೆರಡು ಸಲ ಹೇಳುತ್ತಾಳೆ. ಅಲ್ಲೀಗ ಬೇಸಗೆ ಎಂದರೆ ನಂಬುವುದೇ ಇಲ್ಲ. ಅಪ್ಪ ಕೋರ್ಟಿಗೆ ಹೋಗಿಬರುತ್ತಿದ್ದಾರೆ, ಮಾತು ಮಾತ್ರ ಕಡಿಮೆ. ನಿನ್ನ ಗಿರಣಿ ಯಂತ್ರಗಳ ಓದು ಮುಗಿಯಲು ಇನ್ನೂ ಒಂದು ವರ್ಷವೆಂದು ಓದಿ ಇಬ್ಬರೂ ತಿಂಗಳು ಎಣಿಸುತ್ತಿದ್ದಾರೆ.

ಹೋದ ಕಾಗದದಲ್ಲಿ, ನಿನ್ನ ಮನೆಯೊಡತಿಯ ಟೆಲಿವಿಷನ್ ಪೆಟ್ಟಿಗೆಯಲ್ಲಿ ಪ್ರತಿ ಗುರುವಾರ ಎಡಿತ್ ಕಾರ್ವೆಲ್ ಎಂಬ ನಟಿ ಬರುತ್ತಾಳೆಂದು ಯಾವ ಯೋಚನೆಯೂ ಇಲ್ಲದೆ ಒಂದು ಸಾಲು ಬರೆದಿದ್ದೆ. ನಾನು ಅದನ್ನು ಗಟ್ಟಿಯಾಗಿ ಓದುತ್ತಿದ್ದೆ. "ಯಾರು? ಇನ್ನೊಂದು ತಡವೆ ಓದು" ಎಂದಳು ಅಮ್ಮ. ನಿನಗೆ ತಿಳಿಯದ ಸಂಗತಿಯನ್ನು ಈಗ ಬರೆಯಲೇಬೇಕು.

ಆ ಎಡಿತ್ ಕಾರ್ವೆಲ್‌ಳ ಚರಿತ್ರೆಯೆಲ್ಲ ನಮ್ಮ ಭಾಮಕ್ಕನಿಗೆ ಬಾಯಿಪಾಠವಾಗಿತ್ತು. ಹಳೆಯ ಇಂಗ್ಲಿಷ್ ಪತ್ರಿಕೆಗಳಿಂದ ಕತ್ತರಿಸಿ ಸೀರೆಯ ಮಡಿಕೆಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಹದಿನಾರಕ್ಕೆ ನಾಟಕ ಸೇರಿದ ಕಾರ್ವೆಲ್‌ಗೆ ಮೊದಲ ವರ್ಷ ಮಾತೇ ಇರಲಿಲ್ಲವಂತೆ, ಕಾಫಿ ತಟ್ಟೆ ತಂದಿಟ್ಟು ಹೋಗುವ ಪಾತ್ರ. ಹನ್ನೆರಡು ವರ್ಷ ರಂಗದ ಮೇಲೆ ದುಡಿದ ನಂತರ ಸಿನಿಮಾದವರು ಕರೆದರು. ನಲವತ್ತು ತುಂಬುವ ಹೊತ್ತಿಗೆ ಅವರು ತಾಯಿಯ ಪಾತ್ರ ಕೊಡತೊಡಗಿದಾಗ ಟೆಲಿವಿಷನ್ನಿಗೆ ಹೋದಳು. "ಇವಳನ್ನ ಯಾರಿಂದಲೂ ಮನೇಲಿ ಕೂರಿಸೋಕಾಗಲಿಲ್ಲ ನೋಡು ವನಾ" ಎನ್ನುತ್ತಿದ್ದಳು ಅಕ್ಕ. ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಿದ್ದಳೆಂದು ನಿನಗೆ ಗೊತ್ತು. ಕಾಲೇಜಿನ ನಾಟಕ ಮುಗಿಸಿ ಬಣ್ಣದ ಮುಖದಲ್ಲೇ ಅವಳು ಮನೆಗೆ ಬಂದ ಆ ಸಂಜೆ, "ಈ ಮನೆ ಹುಡುಗಿ ರಂಗ ಹತ್ತೋದಾದ್ರೆ ಆಚೇನೇ ಇರಲಿ" ಎಂದವರು ಅಪ್ಪ. ಅಗುಳಿ ಹಾಕಿದವನು ನೀನು. ಮುಕ್ಕಾಲು ಗಂಟೆ ಅವಳು ಜಗಲಿಯ ಮೇಲೆ ನಿಂತಿದ್ದಳು. ಆಮೇಲೆ ಅವಳು ನಾಟಕದ ಸುದ್ದಿ ಎತ್ತಲಿಲ್ಲ. ನಾವೆಲ್ಲ ಮರೆತಳೆಂದುಕೊಂಡೆವು.

ನೀನು ಹಡಗು ಹತ್ತಿದ ವರ್ಷ ಅವಳು ಸಿಂಗಾನಲ್ಲೂರಿನ ಯಾವುದೋ ಮನೆಗೆ ವೀಣೆ ಹೇಳಿಕೊಡಲು ಹೋಗುತ್ತೇನೆಂದು ವಾರಕ್ಕೆ ಮೂರು ದಿನ ಹೊರಡುತ್ತಿದ್ದಳಲ್ಲ, ಅಲ್ಲಿ ವೀಣೆಯೂ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಒಂದು ಸ್ಟುಡಿಯೋದಲ್ಲಿ ಕಾರ್ವೆಲ್‌ಳ ಅಮೆರಿಕನ್ ಪಟವನ್ನು ತಮಿಳಿಗೆ ಮಾಡುತ್ತಿದ್ದರು. ಅವಳ ತುಟಿಗೆ ಸರಿಯಾಗಿ ತಮಿಳು ಮಾತಾಡಿದವಳು ನಮ್ಮ ಭಾಮಕ್ಕ. ನನ್ನೊಬ್ಬಳಿಗೇ ಹೇಳಿದ್ದಳು. ಕೆಲಸ ಮುಗಿದು ನಾಲ್ಕು ತಿಂಗಳಿಗೆ ಟೈಫಾಯ್ಡ್ ಬಂತು. ಅವಳು ಹೋದಮೇಲೆ ಆ ಗುಟ್ಟನ್ನು ಎತ್ತಿ ಯಾರ ಮುಂದೆ ಇಡಲಿ ಎಂದು ನಾನೂ ಸುಮ್ಮನಿದ್ದೆ.

ಹೋದ ತಿಂಗಳು ಅಮ್ಮನೂ ನಾನೂ ಕಾರಮಡೈ ರಂಗನಾಥನ ದರ್ಶನಕ್ಕೆ ಹೋಗಿ, ಹಿಂದೆ ನಮ್ಮ ಮನೆಕೆಲಸಕ್ಕಿದ್ದ ನಾಚಿಯಮ್ಮನ ಮನೆಯಲ್ಲಿ ಇಳಿದುಕೊಂಡೆವು. ಊರಲ್ಲಿ ಟೂರಿಂಗ್ ಟಾಕೀಸಿನ ಡೇರೆ ಬಂದಿತ್ತು. "ದೊರೆಸಾನಿ ತಮಿಳು ಪೇಸುತಾಮ್, ವಾಂಗೋ ಅಮ್ಮಾ" ಎಂದು, ಬಿಳಿಯ ಹೆಂಗಸು ತಮಿಳು ಮಾತಾಡುವುದನ್ನು ನೋಡಬನ್ನಿರೆಂದು ನಾಚಿಯಮ್ಮ ಬಲವಂತ ಮಾಡಿ ಕರೆದೊಯ್ದಳು. ಯಾವ ಪಟವೆಂದು ನನಗೆ ಗೊತ್ತಿರಲಿಲ್ಲ, ಅಣ್ಣಾ, ದೇವರಾಣೆ. ಬಿಳಿ ಮುಖದ ಹೆಂಗಸು ಪರದೆಯ ಮೇಲೆ ಬಂದು ಮಗುವನ್ನು "ಕಣ್ಣೇ" ಎಂದು ಕರೆದಳು. ಅಮ್ಮ ಎದ್ದು ನಿಂತುಬಿಟ್ಟಳು. "ಭಾಮಾ! ಎಲ್ಲಿದ್ದೀಯೆ ಭಾಮಾ?" ಎಂದು ಕೂಗಿದಳು. ಹಿಂದಿನವರು ನಕ್ಕರು, ಯಾರೋ "ಉಕ್ಕಾರುಂಗಮ್ಮಾ" ಎಂದು ಗದರಿಸಿದರು. ಅಮ್ಮ ಕೂತಳು. ಆದರೆ ಆ ಎರಡು ಗಂಟೆ ನನ್ನ ಕೈಯನ್ನು ಹಿಡಿದ ಹಿಡಿತದ ಗುರುತು ಮೂರು ದಿನ ಹೋಗಲಿಲ್ಲ.

ಡೇರೆ ಮದುಕ್ಕರೈಗೆ ಹೋಯಿತು. ಅಮ್ಮ ಅಲ್ಲಿಗೂ ಹೊರಟಳು, ಒಂದಲ್ಲ, ನಾಲ್ಕು ಸಲ. ಐದನೆಯ ಸಲ ಅಪ್ಪ ಬಾಗಿಲಲ್ಲಿ ಅಡ್ಡ ನಿಂತು ಎಲ್ಲಿಗೆಂದು ಕೇಳಿದರು. ನಾನು ಎಲ್ಲವನ್ನೂ ಹೇಳಿಬಿಟ್ಟೆ. ಅವರು ಕೋಟು ಹಾಕಿಕೊಂಡು ನಮ್ಮ ಜೊತೆ ಬಸ್ಸು ಹತ್ತಿದರು. ಸಿಮೆಂಟ್ ಕಾರ್ಖಾನೆಯ ಕೂಲಿಗಳ ಪಕ್ಕ ಬೆಂಚಿನ ಮೇಲೆ ಕೂತರು, ಜೀವನದಲ್ಲಿ ಸಿನಿಮಾ ನೋಡದ ನಮ್ಮ ಅಪ್ಪ. ಪಟದಲ್ಲೊಂದು ಕಡೆ ಕಾರ್ವೆಲ್ ನಮಗೆ ಬೆನ್ನು ಮಾಡಿ, ಬಿರುಗಾಳಿಯಲ್ಲಿ ಮುಚ್ಚಿದ ಬಾಗಿಲನ್ನು ಬಡಿಯುತ್ತಾಳೆ. ತುಟಿ ಕಾಣಿಸುವುದಿಲ್ಲ. ಗಾಳಿಯ ಸದ್ದಿನಲ್ಲಿ ತಮಿಳರಿಗೆ ಅದು ಬರಿಯ ಅಳುವಿನಂತೆ ಕೇಳುತ್ತದೆ. ಅಲ್ಲಿ ಭಾಮಕ್ಕ ಮಾತಾಡಿರುವುದು ಕನ್ನಡ. "ಅಪ್ಪಾ, ಬಾಗಿಲು ತೆಗಿ. ನಾನಪ್ಪಾ. ಬಾಗಿಲು ತೆಗಿ." ಅಷ್ಟು ಜನರ ಡೇರೆಯಲ್ಲಿ ಅದು ತಿಳಿದದ್ದು ನಮ್ಮ ಮೂವರಿಗೆ. ಅಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಪಟ ಮುಗಿಯುವವರೆಗೂ ತೆಗೆಯಲಿಲ್ಲ. ಅಂದಿನಿಂದ ನಮ್ಮ ಮನೆಯ ಮುಂಬಾಗಿಲನ್ನು ಹಗಲೆಲ್ಲ ತೆರೆದೇ ಇಡುತ್ತಾರೆ. ಗಾಳಿಗೆ ಅದು ಮುಚ್ಚಿಕೊಂಡರೆ ಕೆಲಸ ಬಿಟ್ಟು ಓಡಿಹೋಗಿ ತೆಗೆಯುತ್ತಾರೆ. ಯಾರಿಗೆಂದು ನಾವು ಕೇಳುವುದಿಲ್ಲ.

ನಿನ್ನನ್ನು ನೋಯಿಸಲು ಇದನ್ನು ಬರೆಯಲಿಲ್ಲ. ನೀನೂ ಆಗ ಚಿಕ್ಕವನೇ. ಗುರುವಾರ ಆ ಹೆಂಗಸು ಬಂದಾಗ ಎದ್ದು ಹೋಗಬೇಡ, ಕೂತು ನೋಡು. ಅವಳ ಸ್ವಂತ ದನಿ ಹೇಗಿದೆ ಬರೆ ಎಂದು ಅಮ್ಮ ಕೇಳುತ್ತಿದ್ದಾಳೆ. ಅಪ್ಪ ಅಮ್ಮನ ಆಶೀರ್ವಾದಗಳು ನಿನಗೆ ಯಾವಾಗಲೂ ಇವೆ.

ಇಂತು ನಿನ್ನ ತಂಗಿ,
ವನಮಾಲಾ

ಊ.ಲೇ.: ಅಂಚೆಗೆ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಸ್ಟುಡಿಯೋದ ಸೌಂಡ್ ಎಂಜಿನಿಯರ್ ಕೃಷ್ಣಸಾಮಿ ಮನೆಗೆ ಬಂದಿದ್ದರು. ಕಾರ್ವೆಲ್‌ಳ ಇನ್ನೊಂದು ಪಟ ಸೋಮವಾರದಿಂದ ತಮಿಳಿಗೆ ಆಗಲಿದೆಯಂತೆ, ಭಾಮಕ್ಕನನ್ನು ಕರೆಯಲು ಬಂದವರು. ಅವಳು ಹೋದ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ಒಳಗಿನಿಂದ ನಾನು "ಯಾರು?" ಎಂದದ್ದು ಕೇಳಿ, "ಇದೋ ಇರುಕ್ಕಾಂಗಳೇ!" ಎಂದು, ಅಕ್ಕ ಮನೆಯಲ್ಲೇ ಇದ್ದಾಳೆಂದುಕೊಂಡು ನಗುತ್ತಾ ಎದ್ದು ನಿಂತರು. ಅಕ್ಕನ ದನಿಯಲ್ಲಿ ಮಾತಾಡಿ ಹೊರಗೆ ಬಂದ ನನ್ನನ್ನು ನೋಡಿ ಅವರ ಮುಖ ಬಿಳಿಚಿಕೊಂಡಿತು. ಅಪ್ಪ ಅವರನ್ನು ಕೂರಿಸಿ, ಅಕ್ಕ ಹೋದದ್ದನ್ನು ಹೇಳಿ, "ಇವಳನ್ನ ಸೋಮವಾರ ಎಷ್ಟು ಗಂಟೆಗೆ ಕರ್ಕೊಂಡು ಬರಲಿ?" ಎಂದು ಕೇಳಿದರು. ವ್ಯಾಸಣ್ಣಾ, ನೀನು ಬೇಡವೆಂದು ಬರೆಯಬೇಡ. ಬರೆದರೂ, ನಿನ್ನ ಕಾಗದ ಇಲ್ಲಿಗೆ ಬಂದು ಸೇರುವಷ್ಟರಲ್ಲಿ ನಾನು ಮಾತಾಡಿ ಮುಗಿಸಿರುತ್ತೇನೆ.