ಸುಕೃತಾ ಪಾದ್ರಿಯವರು ಬಂದ ಮೇಲೆ

ಬ್ರಹ್ಮಾವರ
14 ಸೆಪ್ಟೆಂಬರ್ 2025

ಪ್ರೀತಿಯ ಮಗ ಕೌಶಲನಿಗೆ,

ಮುಂಬೈಯಲ್ಲಿ ಆರೋಗ್ಯವೇ? ಹೋಟೆಲಿನ ಕೆಲಸದ ನಡುವೆ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಊರಿಗೆಲ್ಲ ಬಡಿಸಿ ತಾನು ಹಸಿದು ಕೂರುವ ಬುದ್ಧಿ ನಿನಗೆ ಅಪ್ಪಯ್ಯನಿಂದಲೇ ಬಂದದ್ದು. ನಾವಿಲ್ಲಿ ಸೌಖ್ಯ.

ಮಳೆಗಾಲ ಪೂರ್ತಿ ಮನೆಯಲ್ಲಿ ಒಂದೇ ಧಾರಾವಾಹಿ. ಬ್ರಿಟನ್ನಿನ ಒಂದು ಹಳ್ಳಿಯ ಚರ್ಚಿಗೆ ಹೆಂಗಸೊಬ್ಬಳು ಪಾದ್ರಿಯಾಗಿ ಬರುವ ನಗೆ ಧಾರಾವಾಹಿ ಅದು. ನಿನ್ನ ತಂಗಿ ಪ್ರೇಕ್ಷಾ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳಿಕೊಡುವುದು, ಅಪ್ಪಯ್ಯ ಹೊಟ್ಟೆ ಹಿಡಿದುಕೊಂಡು ನಗುವುದು. ಅಷ್ಟರಲ್ಲಿ ನಮ್ಮ ಗದ್ದೆಯಾಚೆಯ ಚರ್ಚಿಗೂ ಹೆಂಗಸೇ ಪಾದ್ರಿಯಾಗಿ ಬಂದರು, ಸುಕೃತಾ ಸಾಲಿನ್ಸ್ ಅಂತ. ಅಲ್ಲಿ ಪಾದ್ರಿಯನ್ನು ಅಯ್ಯನವರು, ಅವರ ಹೆಂಡತಿಯನ್ನು ಅಮ್ಮನವರು ಎಂದು ಕರೆಯುವುದು ರೂಢಿ. ಇವರನ್ನು ಏನೆನ್ನಬೇಕೆಂದು ತಿಳಿಯದೆ ಕೆಲವರು ಕರೆಯುವುದನ್ನೇ ಬಿಟ್ಟರು, ಕೆಲವರು ಚರ್ಚಿಗೆ ಹೋಗುವುದನ್ನೇ ಬಿಟ್ಟರು. ಅಲ್ಲಿನ ಸಭೆಯ ಹಿರಿತಲೆ ರತನ್ ಭಾನುವಾರ ಉಡುಪಿಯ ಚರ್ಚಿಗೆಂದು ಬಸ್ಸು ಹತ್ತತೊಡಗಿದ. “ಟೀವಿಯಗೆ ಕಾಂಬುಕೆ ಲಾಯ್ಕ್, ಊರಗೆ ಆಪುದಲ್ಲ” ಎಂದು, ಟೀವಿ ನೋಡಿ ಅಷ್ಟು ನಕ್ಕಿದ್ದ ಅಪ್ಪಯ್ಯನೂ ನಮ್ಮೂರಿಗೆ ಇದು ಒಗ್ಗದೆಂದು ತೀರ್ಪು ಕೊಟ್ಟರು.

ರತನ್‌ನ ತಾಯಿ ಹಾಸಿಗೆ ಹಿಡಿದಿದ್ದರಲ್ಲ, ಸುಕೃತಾ ದಿನವೂ ಸಂಜೆ ಅವರ ಹತ್ತಿರ ಹೋಗಿ ಕೂರುತ್ತಿದ್ದರು. ರತನ್ ಬಾಗಿಲು ತೆರೆದು ಒಳಗೆ ಹೋಗಿಬಿಡುತ್ತಿದ್ದ. ಇವರು ಮುದುಕಿಗೆ ತಲೆ ಬಾಚಿ, ಗಂಜಿ ಕುಡಿಸಿ ಬರುತ್ತಿದ್ದರು. ಕೊನೆಗೆ ಆಕೆ ಮಗನ ಕೈ ಹಿಡಿದು, “ಮಣ್ಣ್ ಮಾಡುಕೆ ಬೇರೆಯೋರನ್ನ ಕರುದ್ ಬ್ಯಾಡ ಮಗಾ, ಈ ಹೆಣ್ಣೇ ಸಾಕ್” ಅಂದರಂತೆ. ಕಳೆದ ವಾರ ತೀರಿಕೊಂಡರು. ರತನ್ ತಾನೇ ಹೋಗಿ ಸುಕೃತಾರನ್ನು ಕರೆತಂದ.

ಮಣ್ಣಿಗೆ ಅಪ್ಪಯ್ಯನೂ ಹೋಗಿದ್ದರು. ಜೋರು ಮಳೆ. ಪ್ರಾರ್ಥನೆ ಮುಗಿದರೂ ಹಿಡಿ ಮಣ್ಣು ಹಾಕಲು ರತನ್‌ಗೆ ಕೈ ಏಳಲಿಲ್ಲವಂತೆ. ಸುಕೃತಾ ನೆನೆಯುತ್ತ ಅವನ ಪಕ್ಕದಲ್ಲೇ ನಿಂತರಂತೆ, ಯಾರೂ ಅವನನ್ನು ಅವಸರಪಡಿಸದ ಹಾಗೆ. ಅಪ್ಪಯ್ಯ ಮನೆಗೆ ಬಂದು ಮಿಂದು, ಜಗಲಿಯಲ್ಲಿ ಕೂತು ತಲೆ ಒರೆಸಿಕೊಂಡರು. ಆಮೇಲೆ, “ಹೆಂಗ್ಸ್ ಅಂದೇಳಿ ಎಂತದೂ ಕಮ್ಮಿ ಆಯ್ಲಿಲ್ಲ” ಅಂದರು. ಇವತ್ತು ಭಾನುವಾರ, ಚರ್ಚಿನ ಬೆಂಚುಗಳು ತುಂಬಿರಲಿಲ್ಲವಂತೆ, ಆದರೆ ರತನ್ ಬಂದಿದ್ದನಂತೆ.

ಮೈ ಜೋಪಾನ ಮಗಾ. ನಾವು ನಂಬಿದ ದೈವ ನಿನ್ನ ಬೆನ್ನಿಗಿರಲಿ.

ನಿನ್ನ ಅಮ್ಮ,
ಗುಲಾಬಿ

ಮರೆತಿದ್ದೆ: ಮುಂದಿನ ತಿಂಗಳ ಸಂಕ್ರಮಣದಿಂದ ನಮ್ಮ ಮನೆ ದೈವದ ಪೂಜೆಯನ್ನು ಅಪ್ಪಯ್ಯನ ಬದಲು ಪ್ರೇಕ್ಷಾ ಮಾಡುತ್ತಾಳೆ. ಅವಳೇ ಕೇಳಿದಳು, ಅಪ್ಪಯ್ಯ ಆಗಲಿ ಎಂದರು. ಗಂಡುಮಗ ನೀನಿರುವಾಗ ಅವಳೇಕೆ ಎಂದು ತೆಕ್ಕಟ್ಟೆಯ ದೊಡ್ಡಪ್ಪ ನಿನಗೆ ಫೋನ್ ಮಾಡುತ್ತಾರೆ. ನೋಡೋಣ ಎಂದು ನುಣುಚಿಕೊಳ್ಳಬೇಡ, ಅವಳೇ ಮಾಡಲಿ ಎಂದು ನಿನ್ನ ಬಾಯಲ್ಲೇ ಹೇಳು. ಅಪ್ಪಯ್ಯ ಅವಳಿಗೆ ಕಲಿಸುವುದಕ್ಕೆ ಶುರು ಮಾಡಿಯಾಗಿದೆ.