ಟ್ರ್ಯಾಕ್ಟರು ಬಿಚ್ಚಿಟ್ಟು ಹೋದ ನಾದಿನಿಗೆ

ಮಾರ್ಚ್ ೧೪, ಮಂಗಳವಾರ

ಚೂಟಿಗೆ ಅತ್ತಿಗೆಯ ಆಶೀರ್ವಾದಗಳು.

ನಾನು ಕ್ಷೇಮ ಎಂದು ಬರೆದು ನಿನ್ನ ಕ್ಷೇಮ ಕೇಳುವುದು ವಾಡಿಕೆ. ಈ ಸಲ ಬರೆಯುವುದಿಲ್ಲ, ಏಕೆಂದರೆ ನಾನು ಸಿಟ್ಟಾಗಿದ್ದೇನೆ. ನೀನು ಹೋಗಿ ಎರಡು ತಿಂಗಳಾದರೂ ಒಂದು ಸಾಲು ಬರೆಯದ ತಪ್ಪು ನನ್ನದೇ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ನಾಲ್ಕು ಪತ್ರ ಬರೆದು ಹರಿದೆ, ನಾಲ್ಕರಲ್ಲೂ ಬೈಗುಳ ಬಿಟ್ಟರೆ ಬೇರೇನೂ ಇರಲಿಲ್ಲ. ಇದರಲ್ಲೂ ಇದೆ, ನಡುನಡುವೆ ಬೇರೆ ಸುದ್ದಿಯೂ ಇದೆ.

ಇದನ್ನು ನಿಮ್ಮಕ್ಕ ಓದಿ ಹೇಳುತ್ತಾರೆಂದು ಗೊತ್ತು. ಅಕ್ಕಾ, ಒಂದಕ್ಷರ ಬಿಡದೆ ಓದಿ. ಬೈದಿರುವ ಕಡೆ ದನಿ ಇಳಿಸಬೇಡಿ. ಕೊನೆಯ ಹಾಳೆಯನ್ನು ಮಾತ್ರ ಮಡಿಸಿ ಅವಳ ಕೈಗೆ ಕೊಟ್ಟುಬಿಡಿ.

ಚೂಟಿ, ನಿಮ್ಮಕ್ಕನ ಕಾಗದ ನಿನ್ನೆ ಬಂತು. "ಇವಳು ಇನ್ಮೇಲೆ ಸ್ಪ್ಯಾನರ್ ಮುಟ್ಟೋದೇ ಇಲ್ವಂತೆ. ನನ್ನ ಕೈಯನ್ನ ನಾನೇ ನಂಬೋ ಹಾಗಿಲ್ಲ ಅಂತಾಳೆ. ಸಾಮಾನಿನ ಪೆಟ್ಟಿಗೇನ ಸೈಕಲ್ ಅಂಗಡಿಯವನಿಗೆ ಕೊಡ್ತಾಳಂತೆ, ಬರೋ ಭಾನುವಾರ ಬಂದು ತಗೊಂಡು ಹೋಗ್ತಾನೆ" ಎಂದು ಬರೆದಿದ್ದಾರೆ. ಓದಿ ನನಗೆ ಬಂದ ಸಿಟ್ಟಿಗೆ ಕೈಯಲ್ಲಿದ್ದ ನೀರಿನ ಪೈಪನ್ನು ಬೀಸಿ ಒಗೆದೆ. ಎರಡು ಟ್ರೇ ಸಸಿ ಮಗುಚಿಬಿದ್ದವು. ಇಪ್ಪತ್ತಾರು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಮೆಷಿನ್ನುಗಳನ್ನು ಆ ಪೆಟ್ಟಿಗೆಯಿಂದಲೇ ಬದುಕಿಸಿದವಳು ನೀನು. ಅದನ್ನು ಪಂಕ್ಚರ್ ಹಾಕುವವನಿಗೆ ಕೊಡುತ್ತೀಯಾ? ಕೊಟ್ಟು ನೋಡು.

ಮೊದಲು ನಮಗೆ ಟ್ರ್ಯಾಕ್ಟರು ಮಾರಿದ ಆ ಆಟದ ಮೈದಾನದ ಮೇಲ್ವಿಚಾರಕನನ್ನು ಬೈದು ಮುಗಿಸುತ್ತೇನೆ, ಅಕ್ಕನಿಗೂ ಕಥೆ ಮೊದಲಿನಿಂದ ಗೊತ್ತಾಗಲಿ. ನರ್ಸರಿಯ ಮಣ್ಣನ್ನೂ ಕುಂಡಗಳನ್ನೂ ತಳ್ಳುಗಾಡಿಯಲ್ಲಿ ತಳ್ಳಿ ನನ್ನ ಸೊಂಟ ಬಿದ್ದುಹೋಗಿತ್ತು, ಅದಕ್ಕೇ ಹಳೆಯ ಗಾರ್ಡನ್ ಟ್ರ್ಯಾಕ್ಟರು ಕೊಳ್ಳಲು ಹೋದದ್ದು. ಮೇಜಿನಷ್ಟು ಎತ್ತರದ ಗಾಡಿ, ಹಿಂದೆ ಪುಟ್ಟ ಟ್ರೇಲರು. "ಒಂದೇ ಕೈಲಿ ಓಡಿದ್ದು ಅಮ್ಮ, ಮಗು ಥರ ನೋಡ್ಕೊಂಡಿದೀನಿ" ಎಂದ. ಆ ಮಗುವಿನ ಮಡ್‌ಗಾರ್ಡಿನಲ್ಲಿ ಅಂಗೈಯಗಲ ತೂತು, ಅದಕ್ಕೆ ಮೇಣ ಮೆತ್ತಿ ಹಸಿರು ಬಣ್ಣ ಬಳಿದಿದ್ದ. ಎಂಜಿನ್ನಿನ ಮುಚ್ಚಳದ ಕೆಳಗೆ ಇಲಿ ಸಂಸಾರ ಹೂಡಿತ್ತು. ಇಬ್ಬರ ಕಿವಿಯ ಮೇಲೂ ಹೂವಿಟ್ಟು ಕಳಿಸಿದ. ತಿರುಗಿ ಹೋಗಿ ಜಗಳವಾಡುತ್ತೇನೆಂದು ನಾನು ಚಪ್ಪಲಿ ಮೆಟ್ಟಿದರೆ ನೀನು ನಕ್ಕೆ. "ಬಿಡಿ ಅತ್ತಿಗೆ, ಇದೂ ಒಂದು ದೊಡ್ಡ ಹೊಲಿಗೆ ಮೆಷಿನ್ನೇ. ಎಣ್ಣೆ ಜಾಸ್ತಿ ಕುಡಿಯುತ್ತೆ ಅಷ್ಟೆ" ಎಂದೆ.

ನೀನು ಶೆಡ್ಡಿನಲ್ಲಿ ಹಳೆಯ ಬೆಡ್‌ಶೀಟು ಹಾಸಿ ಕುಳಿತೆ. ಬಿಚ್ಚಿದ ಒಂದೊಂದು ಬೋಲ್ಟನ್ನೂ ಎಡದಿಂದ ಬಲಕ್ಕೆ, ಬಿಚ್ಚಿದ ಕ್ರಮದಲ್ಲೇ ಇಡುತ್ತ ಹೋದೆ. ಚೀಟಿ ಅಂಟಿಸಬಾರದೇ ಎಂದು ನಾನಂದರೆ, "ಕಾರ್ಖಾನೇಲಿ ನಾವು ಚೀಟಿ ಅಂಟಿಸ್ತಾ ಕೂತಿದ್ರೆ ಸೂಪರ್‌ವೈಸರ್ ನಮ್ಮನ್ನೇ ಗೋಡೆಗೆ ಅಂಟಿಸ್ತಿದ್ದ. ಬಲಗಡೆಯಿಂದ ತಗೊಳ್ತಾ ಬಂದ್ರೆ ಗಾಡಿ ತಾನಾಗೇ ಕಟ್ಕೊಳ್ಳುತ್ತೆ" ಎಂದೆ. ಕಾರ್ಬುರೇಟರು ತೊಳೆದೆ, ಬೆಲ್ಟು ಬದಲಿಸಿದೆ, ತುಕ್ಕು ತಿಕ್ಕಿ ತಿಕ್ಕಿ ಉಗುರು ಕೆಂಪು ಮಾಡಿಕೊಂಡೆ. ನಿಮ್ಮಣ್ಣ ಹೋದ ಮೇಲೆ ನಾನು ಆ ಶೆಡ್ಡಿಗೆ ಕೆಲಸವಿಲ್ಲದಿದ್ದರೂ ಹೋಗಿ ಕೂತದ್ದು ಆ ಮೂರು ವಾರ ಮಾತ್ರ.

ಆಮೇಲೆ ಆ ದಿನ. ನೀನು ಎಂಜಿನ್ನಿನ ಮುಚ್ಚಳ ಕೂರಿಸುತ್ತಿದ್ದೆ. ಗಿಡ ಕೊಳ್ಳಲು ಬಂದಿದ್ದ ಗಂಡ ಹೆಂಡತಿ, ಮಡ್‌ಗಾರ್ಡು ನೋಡಲು ಬಂದಿದ್ದ ವೆಲ್ಡಿಂಗಿನವ, ಎಲ್ಲರೂ ನಿಂತು ನೋಡುತ್ತಿದ್ದರು. ಗಿಡ್ಡ ಬೋಲ್ಟು ಹೋಗಬೇಕಾದ ಕಡೆ ಉದ್ದದ್ದು ಹೋಯಿತು. ಎರಡಕ್ಕೂ ಉಗುರಿನಷ್ಟೇ ವ್ಯತ್ಯಾಸ. ಅದು ತಳ ಮುಟ್ಟಿದ ಮೇಲೂ ನೀನು ಬಿಗಿ ಮಾಡಿದೆ, ಎಂಜಿನ್ನಿನ ಮೈ ಟಪ್ಪೆಂದು ಸೀಳಿತು. ನಾನು ಏನಂದೆನೆಂದು ನಿನಗೆ ನೆನಪಿದೆ. ಅಕ್ಕನಿಗೂ ಗೊತ್ತಾಗಲಿ. "ಕಣ್ಣು ಎಲ್ಲಿಟ್ಕೊಂಡಿದೀಯ? ಕುರುಡೀನೂ ಇದಕ್ಕಿಂತ ಚೆನ್ನಾಗಿ ಹಾಕ್ತಾಳೆ" ಎಂದೆ. ವೆಲ್ಡಿಂಗಿನವ ಕಿಸಕ್ಕೆಂದ. ನೀನು ಕೈ ಒರೆಸಿಕೊಂಡು, ಸ್ಪ್ಯಾನರುಗಳನ್ನು ಒಂದೊಂದಾಗಿ ಪೆಟ್ಟಿಗೆಯಲ್ಲಿ ಅದರದರ ಜಾಗಕ್ಕೆ ಇಟ್ಟು, ಮರುದಿನ ಮೊದಲ ಬಸ್ಸಿಗೆ ಅಕ್ಕನ ಮನೆಗೆ ಹೊರಟುಹೋದೆ. ಬೈದದ್ದಕ್ಕೆ ಮುನಿಸಿಕೊಂಡಿದ್ದಾಳೆ, ನಾಲ್ಕು ದಿನದಲ್ಲಿ ಇಳಿಯುತ್ತದೆ ಎಂದುಕೊಂಡೆ.

ಹದಿನೈದು ದಿನ ಬಿಟ್ಟು ನನ್ನ ಕನ್ನಡಕದ ಕಡ್ಡಿ ಮುರಿದು ಅಂಗಡಿಗೆ ಹೋದೆ. ಅಂಗಡಿಯವ ಕಡ್ಡಿ ಕೂರಿಸುತ್ತ, "ನಿಮ್ಮ ನಾದಿನಿ ಹೇಗಿದಾರೆ? ಬಲಗಣ್ಣಂತೂ ಪೂರ್ತಿ ಹೋಯ್ತು, ಎಡಗಣ್ಣಿಗಾದರೂ ಡ್ರಾಪ್ಸ್ ತಪ್ಪಿಸಬೇಡಿ ಅಂತ ಹೇಳಿ. ಎಂಟು ತಿಂಗಳಿಂದ ಹೇಳ್ತಾನೇ ಇದೀನಿ" ಎಂದ. ನಾನು "ಗೊತ್ತು, ಗೊತ್ತು" ಎಂದೆ. ಯಾರೋ ಅಂಗಡಿಯವನ ಎದುರು ನನ್ನ ಮನೆಯ ಸುದ್ದಿ ಗೊತ್ತಿದ್ದವಳಂತೆ ತಲೆಯಾಡಿಸುತ್ತ ಕೂತಿದ್ದೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ನಿನ್ನನ್ನು ಬಾಯಿಗೆ ಬಂದಂತೆ ಬೈದೆ. ಅಳುತ್ತಲೇ ಬೈದೆ.

ಎಂಟು ತಿಂಗಳು, ಚೂಟಿ. ಒಂದೇ ತಟ್ಟೆಯಿಂದ ತಿಂದಿದ್ದೇವೆ, ಒಂದೇ ಕೋಣೆಯಲ್ಲಿ ಮಲಗಿದ್ದೇವೆ. ಕಾರ್ಖಾನೆ ಬಿಟ್ಟದ್ದು ಬೇಜಾರಾಗಿ ಎಂದು ನೀನಂದೆ, ನಾನು ನಂಬಿದೆ. ನೀನು ಲೋಟದ ಹೊರಗೆ ಚಹಾ ಸುರಿದಾಗ ಅವಸರದವಳು ಎಂದು ನಾನು ರೇಗಿಸಿದೆ, ನೀನೂ ನಕ್ಕೆ. ನಿನಗೆ ನಾನು ಯಾರು? ಗಂಡ ಹೋದ ಮನೆಯಲ್ಲಿ ನನ್ನವರು ಎಂದು ಉಳಿದಿದ್ದವಳು ನೀನೊಬ್ಬಳು. ಒಂದು ಮಾತು ಹೇಳಿದ್ದರೆ ನಾನು ಪಕ್ಕದಲ್ಲಿ ನಿಂತು ಒಂದೊಂದು ಬೋಲ್ಟನ್ನೂ ಅಳೆದು ಕೊಡುತ್ತಿರಲಿಲ್ಲವೇ? ಅಕ್ಕಾ, ಇಲ್ಲಿ ಅವಳು ಎದ್ದುಹೋಗಲು ನೋಡುತ್ತಾಳೆ, ಕೂರಿಸಿ.

ಇನ್ನು ಸುದ್ದಿ. ವೆಲ್ಡಿಂಗಿನವ ಸೀಳಿದ ಜಾಗ ಬೆಸೆದುಕೊಟ್ಟಿದ್ದಾನೆ. ಅವನ ಕಿಸಕ್ಕನೆಯ ನಗುವಿಗೆ ಸಲ್ಲಬೇಕಾದ್ದನ್ನೂ ಸಲ್ಲಿಸಿದ್ದೇನೆ, ಈಗ ನನ್ನನ್ನು ಕಂಡರೆ ರಸ್ತೆ ದಾಟುತ್ತಾನೆ. "ಗಾಡೀನ ನಾನೇ ಕಟ್ಟಿಕೊಡ್ತೀನಿ ಅಮ್ಮ, ಅರ್ಧ ದಿನದ ಕೆಲಸ" ಎಂದ. ಮುಟ್ಟಿದರೆ ಕೈ ಮುರಿಯುತ್ತೇನೆ ಎಂದೆ. ಸೀಟಿಗೆ ರೆಕ್ಸಿನ್ ಹೊಲಿದೆ. ಹೊಲಿಗೆ ಡೊಂಕಾಗಿದೆ. ಮೆಷಿನ್ನಿನ ದೋಷ ಎನ್ನೋಣವೆಂದರೆ ಅದನ್ನು ರಿಪೇರಿ ಮಾಡಿದವಳು ನೀನು. ಮಣ್ಣು ಮತ್ತೆ ತಳ್ಳುಗಾಡಿಯಲ್ಲೇ ಹೋಗುತ್ತಿದೆ, ಸೊಂಟ ನನ್ನನ್ನು ಬೈಯುತ್ತಿದೆ.

ಭಾನುವಾರ ಸೈಕಲ್ ಅಂಗಡಿಯವನು ಬರುವ ಮೊದಲು ಪೆಟ್ಟಿಗೆ ತೆಗೆದುಕೊಂಡು ಬಸ್ಸು ಹತ್ತು. ನಿಲ್ದಾಣದಲ್ಲಿ ನಿಂತಿರುತ್ತೇನೆ, ನೀನು ನನ್ನನ್ನು ಹುಡುಕಬೇಕಾಗಿಲ್ಲ. ಬರದಿದ್ದರೆ ನಾನೇ ಬರುತ್ತೇನೆ, ಅದು ನಿನಗೂ ಅಕ್ಕನಿಗೂ ಇನ್ನೂ ಕಷ್ಟ.

ಕಣ್ಣಿಗೆ ಹೊತ್ತುಹೊತ್ತಿಗೆ ಔಷಧಿ ಬೀಳಲಿ. ಎಲ್ಲವನ್ನೂ ಒಳಗೇ ನುಂಗುವ ಬುದ್ಧಿ ನಿನ್ನನ್ನು ಬಿಟ್ಟು ಹೋಗಲಿ. ನೂರು ವರ್ಷ ಬಾಳು, ನನ್ನಿಂದ ಬೈಸಿಕೊಂಡೇ ಬಾಳು.

ನಿನ್ನ ಅತ್ತಿಗೆ

ತಾ.ಕ.: ಈ ಕೊನೆಯ ಹಾಳೆಯನ್ನು ಕುಂಡದ ಮೇಲೆ ಹೆಸರು ಬರೆಯುವ ದಪ್ಪ ಪೆನ್ನಿನಲ್ಲಿ, ಅಕ್ಷರ ಒಂದೊಂದು ಹೆಬ್ಬೆರಳಷ್ಟು ಮಾಡಿ ಬರೆದಿದ್ದೇನೆ. ಅಂಗಳದ ಬೆಳಕಿಗೆ ಹೋಗಿ ನೀನೇ ಓದು. ಎಂಜಿನ್ನು ಸೀಳಿದ ಹಿಂದಿನ ದಿನ ಮಧ್ಯಾಹ್ನ ನೀನು ಸ್ನಾನಕ್ಕೆ ಹೋಗಿದ್ದಾಗ ಬೆಡ್‌ಶೀಟಿನ ತುಂಬ ಮಣ್ಣು ಬಿದ್ದಿತ್ತು. ಕೊಳೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಬೋಲ್ಟುಗಳನ್ನೆಲ್ಲ ಎತ್ತಿ, ಬೆಡ್‌ಶೀಟು ಕೊಡವಿ, ತಿರುಗಿ ಇಟ್ಟೆ. ಚೆಂದ ಕಾಣಲೆಂದು ತಲೆ ನೋಡಿ ಸಾಲು ಮಾಡಿದೆ, ಉದ್ದ ನೋಡಲಿಲ್ಲ. ನಿನಗೆ ಹೇಳಲೂ ಇಲ್ಲ. ನಿನ್ನ ಕೈ ತಪ್ಪಿಲ್ಲ ಚೂಟಿ, ಅದು ಸಾಲನ್ನು ನಂಬಿತು. ಟಪ್ಪೆಂದ ಕ್ಷಣವೇ ನನಗೆ ಅದು ಹೊಳೆಯಿತು. ಹೊಳೆದ ಮೇಲೆಯೇ ನಿನ್ನನ್ನು ಕುರುಡಿ ಎಂದೆ.